ಅರ್ಧ ಕರಪತ್ರ

ಬರೆಯುವುದೇ ನನ್ನ ಹೊಟ್ಟೆಪಾಡು. ಭಾವನ ಮಂಚ-ಕುರ್ಚಿ ಅಂಗಡಿಗೆ ಕರಪತ್ರ ಬರೆದುಕೊಡುವುದು ಇದು ನಾಲ್ಕನೇ ಸಲ. ಬಡಗಿಗೆ ಮುಂಗಡ ಕೊಡುತ್ತಾರೆ, ಬಣ್ಣ ಬಳಿಯುವವನಿಗೂ ಕೊಡುತ್ತಾರೆ. ನಾನು ಕೇಳಿದರೆ ಮಾತ್ರ, "ಮನೆಯವಳಲ್ವೇನೇ ನೀನು? ಕೂತಲ್ಲೇ ನಾಲ್ಕು ಸಾಲು ಗೀಚೋದಕ್ಕೆ ದುಡ್ಡು ಬೇರೆ ಕೊಡ್ಬೇಕಾ?"

ಮೈಯೆಲ್ಲ ಉರಿದುಹೋಯಿತು. ಹೊಸ ಗಿರಾಕಿಗಳಿಗೆ ಮಾಡುವಂತೆ ಈ ಸಲ ಅರ್ಧ ಮಾತ್ರ ಬರೆದು, ಕೆಳಗೆ ದಪ್ಪಕ್ಷರದಲ್ಲಿ ಭಾವನಿಗೆಂದೇ ಒಂದು ಸಾಲು ಹಾಕಿ ಕಳುಹಿಸಿದೆ. ಭಾವ ಅದನ್ನು ಓದುವ ಗೋಜಿಗೇ ಹೋಗದೆ ಅಚ್ಚಿಗೆ ಕೊಟ್ಟರು.

ಇವತ್ತು ಫೋನಿನಲ್ಲಿ ಕೂಗಾಡಿದರು. "ಐದು ಸಾವಿರ ಹಂಚಿಬಿಟ್ಟಿದ್ದೀನಿ ಕಣೇ! 'ಮೊದಲು ದುಡ್ಡು, ಆಮೇಲೆ ಮಾತು' ಅಂತ ಅಚ್ಚಾಗಿದೆ! ಎಷ್ಟು ಸೊಕ್ಕು ಅಂತ ಜನ ಅಂಗಡಿಗೇ ಬಂದು ಉಗೀತಿದ್ದಾರೆ. ಬೇಗ ಬೇರೆ ಬರೆದುಕೊಡು!"

"ಬರೆದುಕೊಡ್ತೀನಿ ಭಾವ. ಮೊದಲೇನು ಮಾಡ್ಬೇಕು ಅಂತ ಅದರಲ್ಲೇ ಇದೆ. ಈಗಲಾದ್ರೂ ಓದಿ."