ಹಾಡಿಗೆ ಮೊದಲು ಒಡೆದ ಬಟ್ಟಲು

ಫೆಬ್ರವರಿಯ ಚಳಿಯಲ್ಲಿ, ಬೆಳಗಿನ ಒಂಬತ್ತು ಗಂಟೆಯ ಹೊತ್ತಿಗೆ, ಫುಮಿಎ ತೊಳೆದ ಬಟ್ಟಲನ್ನೇ ಮತ್ತೆ ತೊಳೆಯುತ್ತಿದ್ದಳು. ನಲ್ಲಿಯ ನೀರಿಗೆ ಬೆರಳುಗಳು ಕೆಂಪಾಗಿದ್ದವು. ಹೊರಕೋಣೆಯಲ್ಲಿ ಅವಳ ಗಂಡ ಟೆಟ್ಸುಜಿ ಬಿಳಿಮರದ ಪೆಟ್ಟಿಗೆಯೊಳಗೆ ಮಲಗಿದ್ದ. ಸೂತ್ರ ಓದಿ ಮುಗಿಸಿದ ಭಿಕ್ಷುಗಳು ಪಕ್ಕದಲ್ಲಿ ಕೂತು ಚಹಾ ಊದಿಕೊಂಡು ಕುಡಿಯುತ್ತಿದ್ದರು.

"ಬಟ್ಟಲು ಎಲ್ಲಮ್ಮಾ?" ಎನ್ನುತ್ತಾ ತೊಮಿ ಅಜ್ಜಿ ಅಡುಗೆಮನೆಯ ಬಾಗಿಲಿಗೆ ಬಂದಳು. ಎದುರುಮನೆಯವಳು. ಜಪಾನಿನ ತೊಬಾಟಾ ಊರಿನ ಆ ಬೀದಿಯಲ್ಲಿ ಯಾರು ಸತ್ತರೂ ಮುಂದೆ ನಿಂತು ನಡೆಸುವವಳು ಅವಳೇ. "ತೊಳೆದು ತೊಳೆದು ಅದರ ಬಣ್ಣ ಹೋಗುತ್ತೆ. ಹೇಗೂ ಒಡೆಯೋದು ತಾನೆ?"

ಫುಮಿಎ ಬಟ್ಟಲನ್ನು ಬಟ್ಟೆಯಲ್ಲಿ ಒರೆಸಿದಳು. ನೀಲಿ ಗೆರೆಯ ಅನ್ನದ ಬಟ್ಟಲು. ಟೆಟ್ಸುಜಿಯ ಹೆಬ್ಬೆರಳು ಕೂರುತ್ತಿದ್ದ ಕಡೆ ಗೆರೆ ಸವೆದಿತ್ತು.

"ಅಜ್ಜೀ, ಇದನ್ನ ಒಡೆಯದೆ ಇದ್ದರೆ ಆಗಲ್ವಾ?"

"ಏನಂದೆ?"

"ಇಟ್ಕೋತೀನಿ ಅಂದೆ."

ಅಜ್ಜಿ ಗೋಡೆ ಹಿಡಿದು ಒಳಗೆ ಬಂದಳು. "ನೋಡು ಮಗಳೇ, ಪೆಟ್ಟಿಗೆ ಹೊಸ್ತಿಲು ದಾಟೋವಾಗ ಅವನ ಬಟ್ಟಲು ಒಡೀಬೇಕು. ಇನ್ನು ಇಲ್ಲಿ ನಿನಗೆ ಊಟ ಇಲ್ಲಪ್ಪಾ, ಹೊರಡು ಅಂತ ಅರ್ಥ. ಒಡೀಲಿಲ್ಲ ಅಂದ್ರೆ ಅವನಿಗೆ ಗೊತ್ತಾಗಲ್ಲ. ಸಂಜೆ ಆದ ಕೂಡಲೆ ಮನೆಗೆ ಬರ್ತಾನೆ. ಈ ಮನೇಲಿ ಒಂದು ಸಲ ಹಾಗೆ ಆಗಿದ್ದು ಸಾಲದಾ? ನಿನ್ನ ಅತ್ತೆ ಪಟ್ಟ ಪಾಡು ನಾನು ಕಣ್ಣಾರೆ ಕಂಡಿದ್ದೀನಿ."

"ಬರಲಿ ಬಿಡಿ" ಅಂದಳು ಫುಮಿಎ. ಅಂದಮೇಲೆ ಅವಳಿಗೆ ಅಳು ತಡೆಯಲಾಗಲಿಲ್ಲ.

ಅಷ್ಟರಲ್ಲಿ ಹೊರಗೆ ಯಾರೋ ನಕ್ಕಂತಾಯಿತು. ಒಕಿನೊ ಬಂದಿದ್ದ. ಅವನ ಹಿಂದೆ ರಿತ್ಸುಕೊ. ಟೆಟ್ಸುಜಿಯೂ ಸೇರಿ ಮೂವರೂ ಹರೆಯದಲ್ಲಿ ಒಂದು ಪಂಕ್ ರಾಕ್ ತಂಡ ಕಟ್ಟಿದವರು. ಟೆಟ್ಸುಜಿ ಹಾಡುತ್ತಿದ್ದ, ಗಿಟಾರೂ ಅವನದೇ. ಒಕಿನೊ ಬೇಸ್ ಬಾರಿಸುತ್ತಿದ್ದ. ರಿತ್ಸುಕೊ ಡ್ರಮ್ಮು. ಈಗ ಒಕಿನೊನ ತಲೆಯಲ್ಲಿ ಒಂದು ಕೂದಲೂ ಇಲ್ಲ. ರಿತ್ಸುಕೊ ಮೀನಿನ ಅಂಗಡಿಯನ್ನು ಸೊಸೆಗೆ ಒಪ್ಪಿಸಿ ಬಂದಿದ್ದಳು.

"ನಿನ್ನೆಯೇ ಎತ್ತಬೇಕಿತ್ತಂತೆ" ಎಂದು ಒಕಿನೊ ಪೆಟ್ಟಿಗೆಯ ಪಕ್ಕ ಕೂತ. "ನಿನ್ನೆ ಬುಧವಾರ, ಪಂಚಾಂಗದ ಪ್ರಕಾರ ಸತ್ತವರು ಗೆಳೆಯರನ್ನ ಎಳ್ಕೊಂಡು ಹೋಗೋ ದಿನ, ಆ ದಿನ ಸುಡಬಾರದು ಅಂತ ಇವತ್ತಿಗೆ ಹಾಕಿದ್ರು. ಪಂಚಾಂಗಕ್ಕೇನು ಗೊತ್ತು? ಇವನು ಬದುಕಿದ್ದಾಗಲೇ ನಮ್ಮನ್ನ ಸಾಕಷ್ಟು ಎಳೆದಾಡಿದ್ದ."

"ಸುಮ್ನಿರೋ" ಅಂದಳು ರಿತ್ಸುಕೊ. "ಸತ್ತವನ ಮುಂದೆ ಅದೇನು ಮಾತು?"

"ಅವನಿಗೆ ಕೇಳಿಸಿದ್ದರೆ ನಗ್ತಿದ್ದ ಕಣೇ."

ರಿತ್ಸುಕೊ ಪೆಟ್ಟಿಗೆಯ ಮುಚ್ಚಳದ ಪುಟ್ಟ ಕಿಟಕಿಯಲ್ಲಿ ಇಣುಕಿದಳು. ಟೆಟ್ಸುಜಿಯ ಮುಖಕ್ಕೆ ಯಾರೋ ತೆಳ್ಳಗೆ ಬಣ್ಣ ಹಚ್ಚಿದ್ದರು. ಗಲ್ಲದ ಕೆಳಗೆ ಸೀಮೆಎಣ್ಣೆಯ ಕೆಲಸದಲ್ಲಾದ ಹಳೆಯ ಕಲೆ ಮಾತ್ರ ಹಾಗೇ ಇತ್ತು.

*

ತಂಡವಿದ್ದ ಆ ವರ್ಷ ಮೂವರಿಗೂ ಇಪ್ಪತ್ತು ತುಂಬಿತ್ತೋ ಇಲ್ಲವೋ. ತಂಡದ ಹೆಸರು ಅಕಾಸಾಬಿ, ಅಂದರೆ ಕೆಂಪು ತುಕ್ಕು. ಉಕ್ಕಿನ ಕಾರ್ಖಾನೆಯ ಹೊಗೆ ಬಟ್ಟೆಯ ಮೇಲೆ ಕೂರುತ್ತಿದ್ದ ಊರಿನ ಮಕ್ಕಳಿಗೆ ಬೇರೆ ಹೆಸರು ಹೊಳೆಯಲಿಲ್ಲ. ಪಕ್ಕದ ಕೊಕುರಾದಲ್ಲಿ ವಾದ್ಯದಂಗಡಿಯ ಮಹಡಿಯ ಮೇಲೊಂದು ಸ್ಟುಡಿಯೋ ಇತ್ತು. ಅಲ್ಲಿ ತಮ್ಮ ಮೊದಲ ಆಲ್ಬಮ್ಮಿನ ಹಾಡುಗಳನ್ನು ಒಂದೊಂದಾಗಿ ಮುದ್ರಿಸುತ್ತಿದ್ದರು. ಹೆಸರು 'ಅಪ್ಪನ ಪಾಳಿ'. ಒಂದು ಹಾಡು ಬಾಕಿ ಇರುವಾಗ ಟೆಟ್ಸುಜಿಯ ಅಪ್ಪ ಹಿರೋಕಿಚಿ ಕುಲುಮೆಯ ಬಳಿ ಕುಸಿದುಬಿದ್ದು ಸತ್ತ.

ಶವ ಎತ್ತಿದ ಮರುದಿನ ಟೆಟ್ಸುಜಿ ಸ್ಟುಡಿಯೋಗೆ ಬಂದ. ಬರುತ್ತಾನೆಂದು ಯಾರೂ ಎಣಿಸಿರಲಿಲ್ಲ. ಚರ್ಮದ ಜಾಕೆಟ್ಟಿನೊಳಗಿನಿಂದ ಒಂದು ಬಟ್ಟಲು ತೆಗೆದು ಮೈಕಿನ ಮುಂದೆ ಹಿಡಿದ. ಕಂದುಬಣ್ಣದ ದೊಡ್ಡ ಬಟ್ಟಲು.

"ಇದೇನೋ?" ಎಂದ ಒಕಿನೊ.

"ಅಪ್ಪಂದು."

"ನಿನ್ನೆ ನಿಮ್ಮಮ್ಮ ಮನೆಯೆಲ್ಲಾ ಹುಡುಕ್ತಿದ್ದರಲ್ಲೋ! ಬಟ್ಟಲು ಸಿಗದೆ, ಒಡೆಯದೇನೇ ಕಳಿಸಿದರು."

"ನಾನೇ ಬಚ್ಚಿಟ್ಟಿದ್ದೆ. ಅಲ್ಲಿ ಒಡೆದಿದ್ದರೆ ಬೀದಿಯ ನಾಕು ಜನಕ್ಕೆ ಕೇಳ್ತಿತ್ತು. ಇಡೀ ಆಯುಸ್ಸು ಆ ಬೆಂಕಿ ಮುಂದೆ ನಿಂತ ಮನುಷ್ಯ ಕಣೋ. ಹೋದದ್ದು ಎಲ್ಲರಿಗೂ ಕೇಳಲಿ."

ಆ ವಯಸ್ಸಿನಲ್ಲಿ ಅದು ದೊಡ್ಡ ಮಾತಾಗಿ ಕಂಡಿತು. ಸ್ಟುಡಿಯೋದ ಯಜಮಾನ ಗಾಜಿನಾಚೆಯಿಂದ ಎಚ್ಚರಿಸಿದ. "ಒಂದೇ ಬಟ್ಟಲಪ್ಪಾ. ಒಡೆದ ಮೇಲೆ ಮತ್ತೊಂದು ಸಲ ಅನ್ನೋಹಾಗಿಲ್ಲ. ಬಿದ್ದ ಕೂಡಲೆ ಹಾಡು ಎತ್ತಿಕೊಳ್ಳಬೇಕು."

ರಿತ್ಸುಕೊ ಕೋಲು ತಟ್ಟಿ ಎಣಿಸಿದಳು. ಟೆಟ್ಸುಜಿ ಬಟ್ಟಲು ಬಿಡಲಿಲ್ಲ. ಮತ್ತೆ ಎಣಿಸಿದಳು. ಆಗಲೂ ಬಿಡಲಿಲ್ಲ. ಬಟ್ಟಲಿನ ತಳದಲ್ಲಿ ಏನೋ ಇದೆಯೆಂಬಂತೆ ಅದನ್ನೇ ನೋಡುತ್ತಿದ್ದ. ಕೊನೆಗೆ ಅವಳು ಎಣಿಸುವ ಮೊದಲೇ ಅದು ಅವನ ಕೈಯಿಂದ ಜಾರಿತು.

ಬಟ್ಟಲು ಒಡೆದ ಕೂಡಲೆ ಡ್ರಮ್ಮು ಬೀಳಬೇಕಿತ್ತು. ರಿತ್ಸುಕೊಳ ಕೈ ಮೇಲೆದ್ದದ್ದು ಇಳಿಯಲೇ ಇಲ್ಲ. ಒಂದು ಉಸಿರಿನಷ್ಟು ಹೊತ್ತು ಟೇಪಿನಲ್ಲಿ ಏನೂ ಇಲ್ಲ. ಆಮೇಲೆ ಅವಳು ಅಳುತ್ತಲೇ ಬಾರಿಸಿದಳು, ಅವನು ಅರಚಿ ಹಾಡಿದ. ಇನ್ನೊಂದು ಬಟ್ಟಲಿಲ್ಲದ್ದರಿಂದ ಹಾಡು ಹಾಗೇ ಉಳಿಯಿತು, ಆಲ್ಬಮ್ಮಿನ ಮೊದಲಿಗೇ ಬಂತು. ಆ ಮೌನವನ್ನು ಬೇಕೆಂದೇ ಇಟ್ಟದ್ದೆಂದು ಆಮೇಲೆ ಕೇಳಿದವರು ಬಹಳ ಹೊಗಳಿದರು.

*

ಆಲ್ಬಮ್ಮು ಬಿಡುಗಡೆಯಾದ ದಿನ ಸಂಜೆ ಕೊಕುರಾದಲ್ಲಿ ಅವರ ಕಾರ್ಯಕ್ರಮವಿತ್ತು. ಹೊರಡುವ ಮೊದಲು ಟೆಟ್ಸುಜಿ ಒಂದು ರೆಕಾರ್ಡನ್ನು ಮನೆಗೆ ತಂದು ಅಪ್ಪನ ಪ್ಲೇಯರಿಗೆ ಹಾಕಿದ. ಅವನ ಅಮ್ಮ ಆಗ ಅನ್ನ ಬಡಿಸುತ್ತಿದ್ದಳು. ಗಂಡ ಹೋದಂದಿನಿಂದ, ಪಾಳಿ ಬಿಡುವ ಹೊತ್ತಿಗೆ ಸರಿಯಾಗಿ, ಅವನ ಜಾಗದಲ್ಲೂ ಅನ್ನವಿಡುತ್ತಿದ್ದಳು. ಬಟ್ಟಲು ಒಡೆಯಲಿಲ್ಲವಲ್ಲ, ಪಾಪ, ಹಸಿದು ಬರುತ್ತಾರೆ ಎನ್ನುತ್ತಿದ್ದಳು.

ಸೂಜಿ ಇಳಿಯಿತು. ಬಟ್ಟಲು ಒಡೆಯಿತು. ಅಮ್ಮ ಸೌಟನ್ನು ಕೆಳಗಿಟ್ಟಳು.

"ಅದು ಅವರ ಬಟ್ಟಲು" ಅಂದಳು. ಹಾಡು ಆಗಲೇ ಅರಚುತ್ತಿತ್ತು, ಅವಳಿಗೆ ಅದು ಕೇಳಿಸುತ್ತಿರಲಿಲ್ಲ. "ನಾನು ಒಡೀಬೇಕಾಗಿತ್ತು ಕಣೋ ಅದನ್ನ. ನನ್ನ ಕೈಯಾರೆ."

"ಅಮ್ಮಾ..."

"ಇಂಥವು ಎಷ್ಟು ಮಾಡಿಸಿದ್ದೀರ?"

"ಐನೂರು."

"ಐನೂರು ಮನೇಲಿ, ಯಾರ್ಯಾರಿಗೋ ಮನಸು ಬಂದಾಗೆಲ್ಲ, ನಿಮ್ಮಪ್ಪನ್ನ ಅನ್ನ ಇಲ್ಲ ಹೋಗು ಅಂತ ಓಡಿಸ್ತೀಯೇನೋ?"

ಆ ಸಂಜೆ ಕೊಕುರಾದಲ್ಲಿ ಜನ ಬಂದು ನಿಂತಿದ್ದರು. ರಿತ್ಸುಕೊ, ಒಕಿನೊ ವೇದಿಕೆಯ ಪಕ್ಕದಲ್ಲಿ ಕಾದರು. ಟೆಟ್ಸುಜಿ ಹೋಗಲಿಲ್ಲ. ಅಮ್ಮನ ಎದುರು ಕೂತು, ಅಪ್ಪನಿಗೆ ಇಟ್ಟ ಅನ್ನ ಆರುವವರೆಗೂ ಅಲ್ಲೇ ಇದ್ದ.

ಮುಂದಿನ ಚಳಿಗಾಲದಿಂದ ಅವನು ಮನೆ ಬೆಚ್ಚಗಿಡುವ ಒಲೆಗಳಿಗೆ ಸೀಮೆಎಣ್ಣೆ ಮಾರುವ ವ್ಯಾನು ಓಡಿಸಿದ. ವ್ಯಾನಿನ ತಲೆಯ ಮೇಲಿನ ಲೌಡ್‌ಸ್ಪೀಕರಿನಲ್ಲಿ ಮಕ್ಕಳ ಹಾಡಿನ ಧಾಟಿಯೊಂದು ಮೊಳಗುತ್ತಿತ್ತು. ಅದು ಕೇಳಿದ ಕೂಡಲೆ ಹೆಂಗಸರು ಕೆಂಪು ಡಬ್ಬ ಹಿಡಿದು ಬೀದಿಗೆ ಬರುತ್ತಿದ್ದರು. ಡಿಪೋದಲ್ಲಿ ಎಣ್ಣೆ ಅಳೆಯುತ್ತಿದ್ದ ಫುಮಿಎಯನ್ನು ಮದುವೆಯಾದ. ಮುದುಕಿಯರ ಡಬ್ಬಗಳನ್ನು ತಾನೇ ಮೆಟ್ಟಿಲು ಹತ್ತಿಸಿ ಕೊಡುತ್ತಿದ್ದ. ಹಾಡಿನ ಮಾತು ಎತ್ತುತ್ತಿರಲಿಲ್ಲ. ಆಲ್ಬಮ್ಮಿನ ಒಂದು ಕ್ಯಾಸೆಟ್ಟು ಮಾತ್ರ ವ್ಯಾನಿನಲ್ಲಿತ್ತು. ಕೆಲವು ಸಂಜೆ ಕೆಲಸ ಮುಗಿದ ಮೇಲೆ ಲೌಡ್‌ಸ್ಪೀಕರು ಆರಿಸಿ, ಗಾಜು ಏರಿಸಿ, ಒಬ್ಬನೇ ಅದನ್ನು ಕೇಳುತ್ತಿದ್ದ. ಆ ಸಂಜೆಗಳಲ್ಲಿ ಫುಮಿಎ ಅವನನ್ನು ಊಟಕ್ಕೆ ಕರೆಯುತ್ತಿರಲಿಲ್ಲ. ಅವನಾಗಿ ಬರಲೆಂದು ಕಾಯುತ್ತಿದ್ದಳು.

*

ಪೆಟ್ಟಿಗೆ ಎತ್ತುವ ಹೊತ್ತಾಯಿತು. ಒಕಿನೊ ಮುಂದಿನ ಮೂಲೆ ಹಿಡಿದ. ಶವ ಒಯ್ಯುವ ಕಪ್ಪು ಗಾಡಿ ಬೀದಿಯಲ್ಲಿ ನಿಂತಿತ್ತು, ಅದರ ಹಿಂದೆ ಗೋಡೆಗೆ ಒತ್ತಿಕೊಂಡು ಟೆಟ್ಸುಜಿಯ ವ್ಯಾನು. ಬೀದಿಯವರೆಲ್ಲ ಕಪ್ಪು ಬಟ್ಟೆಯಲ್ಲಿ ಸಾಲಾಗಿ ನಿಂತಿದ್ದರು.

"ಒಡಿ, ಫುಮಿಎ" ಅಂದಳು ತೊಮಿ ಅಜ್ಜಿ.

ಫುಮಿಎ ಬಟ್ಟಲನ್ನು ಎದೆಗೆ ಅವಚಿಕೊಂಡಳು. ಪೆಟ್ಟಿಗೆ ಹೊಸ್ತಿಲ ಮೇಲೆ ನಿಂತಿತು.

"ಒಡಿಯೇ! ಹೊತ್ತವರ ಕೈ ಸೋಲುತ್ತೆ."

"ನನ್ನ ಕೈಲಿ ಆಗಲ್ಲ ಅಜ್ಜೀ. ಆಸ್ಪತ್ರೇಲಿ ಇರೋವಾಗ ಮನೇಲಿ ಊಟ ಮಾಡ್ತೀನಿ, ಮನೇಲಿ ಊಟ ಮಾಡ್ತೀನಿ ಅಂತಲೇ ಇದ್ದರು. ಈಗ ಊಟ ಇಲ್ಲ ಹೋಗಿ ಅಂತ ನಾನು ಹೇಗೆ ಹೇಳಲಿ?"

"ಹಾಗಾದ್ರೆ ಅವನು ಹೋಗೋದು ಹೇಗೆ? ನಿನ್ನ ಅತ್ತೆ ಸಾಯೋತನಕ ಆ ಬಾಗಿಲು ನೋಡ್ತಾ ಕೂತಳು. ನೀನೂ ಕೂರ್ತೀಯಾ? ಕೊಡು ಇಲ್ಲಿ, ನಾನೇ ಒಡೀತೀನಿ."

ಫುಮಿಎ ಹಿಂದೆ ಸರಿದಳು. ಸರಿದವಳ ಕಣ್ಣು ವ್ಯಾನಿನ ಮೇಲೆ ಬಿತ್ತು.

"ರಿತ್ಸುಕೊ ಅಕ್ಕಾ" ಅಂದಳು. "ಕ್ಯಾಸೆಟ್ಟು ಅಲ್ಲೇ ಇದೆ. ಅದರಲ್ಲಿ ಒಡೆದದ್ದಿದೆಯಲ್ಲ. ಅದು ಸಾಕಾಗಲ್ವಾ ಅಕ್ಕಾ?"

ರಿತ್ಸುಕೊ ಸಾಲು ದಾಟಿ ಹೋದಳು. ಆಮೇಲೆ ವ್ಯಾನಿನ ಬಾಗಿಲು ತೆರೆದು ಒಳಗೆ ಕೂತು, ಕೈಗೆ ಸಿಕ್ಕ ಗುಂಡಿ ಒತ್ತಿದಳು. ಸೀಮೆಎಣ್ಣೆಯ ಧಾಟಿ ಬೀದಿಯ ತುಂಬ ಹಾಡಿತು. ಸಾಲಿನಲ್ಲಿದ್ದ ಇಬ್ಬರು ಹೆಂಗಸರು ಡಬ್ಬ ತರಲು ಮನೆಯ ಕಡೆ ತಿರುಗಿ ಎರಡು ಹೆಜ್ಜೆ ಇಟ್ಟೇಬಿಟ್ಟರು.

"ಎಲ್ಲಿಗ್ರಮ್ಮಾ?" ಎಂದ ಒಕಿನೊ ಪೆಟ್ಟಿಗೆಯ ಕೆಳಗಿನಿಂದ. "ಎಣ್ಣೆಯವನು ಇಲ್ಲಿದ್ದಾನೆ." ನಗುತ್ತಾ ಅಂದವನು ಪೆಟ್ಟಿಗೆಯ ಮೂಲೆಯನ್ನು ಇನ್ನಷ್ಟು ಬಿಗಿಹಿಡಿದ.

ಧಾಟಿ ನಿಂತಿತು. ಕ್ಯಾಸೆಟ್ಟು ಒಳಗೆ ಹೋದ ಸದ್ದು ಲೌಡ್‌ಸ್ಪೀಕರಿನಲ್ಲಿ ದೊಡ್ಡದಾಗಿ ಕೇಳಿತು. ಸವೆದ ಟೇಪಿನ ಸುಯ್ಯೆನ್ನುವ ಸದ್ದು. ಅದರೊಳಗಿನಿಂದ, ಹಿರೋಕಿಚಿಯ ಬಟ್ಟಲು ಒಡೆಯಿತು.

ಆಮೇಲೆ ಏನೂ ಇಲ್ಲ. ವ್ಯಾನಿನೊಳಗೆ ರಿತ್ಸುಕೊಳ ಕೈ ತಾನಾಗಿ ಮೇಲೆದ್ದಿತು. ಈ ಸಲವಾದರೂ ಸರಿಯಾದ ಹೊತ್ತಿಗೆ ಇಳಿಸಬೇಕೆಂದು ಅವಳು ನೋಡಿದಳು. ಇಳಿಯಲಿಲ್ಲ.

ಆ ಮೌನದಲ್ಲಿ ತೊಮಿ ಅಜ್ಜಿ ತಲೆ ಎತ್ತಿದಳು. ಹಿಂದೆ ಇದೇ ಹೊಸ್ತಿಲಲ್ಲಿ ಹಿರೋಕಿಚಿಯ ಪೆಟ್ಟಿಗೆ ಕಾದು ನಿಂತಾಗಲೂ ಅವಳು ಇದೇ ಜಾಗದಲ್ಲಿ ನಿಂತಿದ್ದಳು. ಫುಮಿಎಯ ಎದೆಗೆ ಅವಚಿದ್ದ ಬಟ್ಟಲನ್ನು ನೋಡಿದಳು, ಅವಳ ಮುಖ ನೋಡಿದಳು. ಬಟ್ಟಲು ಕೊಡು ಅಂತ ಮತ್ತೆ ಕೇಳಲಿಲ್ಲ.

"ಒಡೀತು" ಅಂದಳು. "ಎಲ್ಲರಿಗೂ ಕೇಳಿಸ್ತಲ್ಲ? ನಡೀರಿ. ಹಿರೋಕಿಚೀ, ಎಷ್ಟು ವರ್ಷ ಕಾಯಿಸಿದೆವಪ್ಪಾ ನಿನ್ನ. ಮಗ ಬರ್ತಿದ್ದಾನೆ, ಕರ್ಕೊಂಡು ಹೋಗು."

ಡ್ರಮ್ಮು ಬಿತ್ತು. ಇಪ್ಪತ್ತರ ಟೆಟ್ಸುಜಿ ಇಡೀ ಬೀದಿಗೆ ಕೇಳುವಂತೆ ಅರಚಿ ಹಾಡಿದ. ಭಿಕ್ಷುಗಳು ಜಪಮಾಲೆ ಹಿಡಿದು ತಲೆಬಾಗಿ ನಿಂತರು. ಕಪ್ಪು ಗಾಡಿ ಉದ್ದಕ್ಕೆ ಒಂದೇ ಹಾರ್ನು ಹಾಕಿ, ಹಾಡಿನ ನಡುವೆಯೇ ಹೊರಟಿತು.

ಸಂಜೆ ಬಿಳಿ ಬಟ್ಟೆಯಲ್ಲಿ ಸುತ್ತಿದ ಅಸ್ಥಿಯ ಪೆಟ್ಟಿಗೆಯೊಡನೆ ಎಲ್ಲರೂ ಮರಳಿದರು, ಸೂತಕ ಕಳೆಯಲು ಉಪ್ಪು ಚಿಮುಕಿಸಿಕೊಂಡು ತಮ್ಮ ತಮ್ಮ ಮನೆಗೆ ಹೋದರು. ಪಾಳಿ ಬಿಡುವ ಹೊತ್ತಿಗೆ ಕಾರ್ಖಾನೆಯ ಸೈರನ್ ಕೂಗಿತು. ಫುಮಿಎ ನೀಲಿ ಗೆರೆಯ ಬಟ್ಟಲಿಗೆ ಬಿಸಿ ಅನ್ನ ಹಾಕಿ, ಗೆರೆ ಸವೆದ ಕಡೆಯನ್ನು ಅವನ ಜಾಗಕ್ಕೆ ತಿರುಗಿಸಿ ಇಟ್ಟಳು.

ಫೆಬ್ರವರಿಯ ಆ ಗುರುವಾರ, ತೊಬಾಟಾದ ಆ ಬೀದಿಯಿಂದ ಅಪ್ಪ ಮಗ ಇಬ್ಬರೂ ಹೊರಟುಹೋದರು. ಬಟ್ಟಲಿನ ಮೇಲೆ ಹಬೆ ಇನ್ನೂ ಏಳುತ್ತಿತ್ತು. ಬಾಗಿಲ ಚಿಲಕ ಹಾಕಿರಲಿಲ್ಲ.