ನೋಡಿಕೊಂಡು ಹೋಗಲು ಬಂದವರು

ನರಸಮ್ಮನ ಅಡುಗೆಮನೆಯ ಗೂಡಿನಲ್ಲಿ ಬಿಸ್ಕತ್ತಿನ ಪೊಟ್ಟಣಗಳು ಪೇರಿಕೊಂಡಿದ್ದವು. ಪಕ್ಕದಲ್ಲಿ ಬ್ರೆಡ್ಡು, ಮೂಸಂಬಿ, ಕೊರಟಗೆರೆಯ ನಾದಿನಿ ತಂದಿದ್ದ ಬಾಳೆಹಣ್ಣು, ಅದರ ಪಕ್ಕದಲ್ಲಿ ಒಂದು ಹಾರ್ಲಿಕ್ಸ್ ಬಾಟಲಿ. ಆ ಬಾಟಲಿ ಕಣ್ಣಿಗೆ ಬಿದ್ದಾಗಲೆಲ್ಲ ಅವಳಿಗೆ ಮೈ ಉರಿಯುತ್ತಿತ್ತು. ಹಿಂದಿನ ಬೀದಿಯ ಹಾಲೇಶ್ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದಾಗ ಅವಳೇ ಕೊಟ್ಟು ಬಂದಿದ್ದ ಬಾಟಲಿ ಅದು. ಮುಚ್ಚಳದ ಮೇಲೆ ಮಗಳು ಹರ್ಷಿತಾ ಚೆಲ್ಲಿದ್ದ ಉಗುರುಬಣ್ಣ ಇನ್ನೂ ಹಾಗೇ ಇತ್ತು. ಊರಿನ ಎಷ್ಟು ಜ್ವರಗಳನ್ನು, ಎಷ್ಟು ಆಪರೇಷನ್‌ಗಳನ್ನು ವಿಚಾರಿಸಿಕೊಂಡು ಬಂದಿತ್ತೋ ಏನೋ, ಯಾರೂ ಮುಚ್ಚಳ ತೆಗೆಯದೆ ಕೊನೆಗೆ ಅವಳ ಮನೆಗೇ ಬಂದು ಕೂತಿತ್ತು.

ಮಧುಗಿರಿಯಿಂದ ಶಿರಾ ಕಡೆಗೆ ಹೋಗುವ ದಾರಿಯಲ್ಲಿ, ಹುಣಸೆಮರಗಳು ಸಾಲುಗಟ್ಟುವ ಕಡೆ ಅವಳ ಊರು. ಆ ಊರಿನಲ್ಲಿ ಒಬ್ಬರು ಮಲಗಿದರೆ ಮನೆಗೊಬ್ಬರಾದರೂ ಹೋಗಿ ನೋಡಿಕೊಂಡು ಬರಬೇಕು. ಹೋಗದಿದ್ದರೆ ಮುಗಿಯಿತು, ಮಕ್ಕಳ ಮದುವೆಗೆ ಕರೆಯುವಾಗಲೂ ಆ ಮಾತು ಎತ್ತುತ್ತಾರೆ. ಬಂದವರು ಕೈ ಬೀಸಿಕೊಂಡು ಬರುವಂತಿಲ್ಲ, ಮನೆಯವರು ಕಾಫಿ ಕೊಡದೆ ಕಳಿಸುವಂತಿಲ್ಲ. ಮಲಗಿದವರು ಮಾತ್ರ ಎದ್ದು ಗೋಡೆಗೆ ಒರಗಿ ಕೂತು, ಹೇಗೆ ಶುರುವಾಯಿತು, ಯಾವ ಡಾಕ್ಟರು ಏನೆಂದರು ಎಂಬುದನ್ನೆಲ್ಲ ಮೊದಲಿನಿಂದ ಹೇಳಬೇಕು. ಹೇಳಿ ಮುಗಿಸುವಷ್ಟರಲ್ಲಿ ಇನ್ನೊಬ್ಬರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುತ್ತಾರೆ. ಅವರಿಗೂ ಮೊದಲಿನಿಂದಲೇ ಆಗಬೇಕು.

ಮನಸ್ಸಿನ ಕಾಯಿಲೆಗೆ ಮಾತ್ರ ಈ ಮರ್ಯಾದೆ ಇರಲಿಲ್ಲ. ಅಂಥವರ ಮನೆಯ ಮುಂದೆ ಜನ ಬೇಗಬೇಗ ಹೆಜ್ಜೆ ಹಾಕುತ್ತಿದ್ದರು. ನರಸಮ್ಮನಿಗೂ ಮೊದಮೊದಲು ಅದೇ ಅನುಕೂಲವಾಗಿತ್ತು. ದೀಪಾವಳಿ ಕಳೆದ ಮೇಲೆ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ಪಾತ್ರೆ ತಿಕ್ಕುತ್ತಾ ಕೂತವಳಿಗೆ ಸುಮ್ಮಸುಮ್ಮನೆ ಅಳು ಬರುತ್ತಿತ್ತು. ಸಾರಿಗೆ ಉಪ್ಪು ಹಾಕಿದ್ದು ಮರೆತು ಮತ್ತೆ ಹಾಕುತ್ತಿದ್ದಳು. ಹರ್ಷಿತಾ ಬಲವಂತ ಮಾಡಿ ಮಧುಗಿರಿಗೆ ಕರೆದುಕೊಂಡು ಹೋದಳು. ಅಲ್ಲಿನ ಲೇಡಿ ಡಾಕ್ಟರು ಗದರಲಿಲ್ಲ, ನಗಲಿಲ್ಲ, ಎಲ್ಲ ಕೇಳಿಸಿಕೊಂಡು ಮಾತ್ರೆ ಬರೆದುಕೊಟ್ಟರು. ಕೊನೆಯಲ್ಲಿ, "ದಿನಕ್ಕೆ ಅರ್ಧ ಗಂಟೆ ನಿಮಗೇ ಅಂತ ಇಟ್ಕೊಳ್ಳಿ. ಆಗ ಯಾರ ಕೆಲಸಾನೂ ಮಾಡಬೇಡಿ, ಯಾರಿಗೂ ಉತ್ತರ ಕೊಡಬೇಡಿ" ಎಂದರು.

ನರಸಮ್ಮ ಆ ಅರ್ಧ ಗಂಟೆಯನ್ನು ಮಾತ್ರೆಯಷ್ಟೇ ನಿಯತ್ತಾಗಿ ನುಂಗಿದಳು. ಮಧ್ಯಾಹ್ನ ಮುಸುರೆ ಮುಗಿಸಿ, ಬೀದಿ ಕಿಟಕಿಯ ಪಕ್ಕ ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿಕೊಂಡು ಸುಮ್ಮನೆ ಕೂರುತ್ತಿದ್ದಳು. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಹಗಲು ಹೊತ್ತು ಕಾಲು ಚಾಚಿ ಕೂತವಳೇ ಅಲ್ಲ ಅವಳು. ಒಂದು ತಿಂಗಳು ಕಳೆಯುವಷ್ಟರಲ್ಲಿ ನಿದ್ದೆ ಸ್ವಲ್ಪ ಸ್ವಲ್ಪ ಬರತೊಡಗಿತು. ಒಂದು ದಿನ ಸಾರು ಸರಿಯಾಗಿದೆ ಅಂತ ಗಂಡ ಹೇಳಿದ. ಅಷ್ಟಕ್ಕೇ ಅವಳಿಗೆ ಸಂತೋಷವಾಯಿತು.

ಅಷ್ಟರಲ್ಲಿ ಸ್ಕೂಲಿನ ಅಂಗಳದಲ್ಲಿ ಮಾನಸಿಕ ಆರೋಗ್ಯದ ಅರಿವು ಕಾರ್ಯಕ್ರಮ ಬಂತು.

ಭಾಷಣಕ್ಕೆ ಬಂದವರು ಪ್ರಸನ್ನ ಕುಮಾರ್ ಎಂಬ ಆಪ್ತಸಮಾಲೋಚಕರು. ಪಾಪ, ಒಳ್ಳೆಯ ಮನುಷ್ಯ. ಒಳ್ಳೆಯವರಿಂದಲೇ ಇಂಥದ್ದೆಲ್ಲ ಆಗುವುದು. ಮೈಕು ಹಿಡಿದು, "ಮನಸ್ಸಿನ ಕಾಯಿಲೆಯೂ ಜ್ವರದ ಹಾಗೇನೇ. ಜ್ವರ ಬಂದವರನ್ನು ಹೇಗೆ ಹೋಗಿ ವಿಚಾರಿಸ್ಕೋತೀರೋ, ಇವರನ್ನೂ ಹಾಗೇ ವಿಚಾರಿಸ್ಕೊಳ್ಳಿ. ಒಂಟಿಯಾಗಿ ಬಿಡಬೇಡಿ" ಎಂದರು. ಜನ ತಲೆಯಾಡಿಸಿದರು. ನರಸಮ್ಮನ ಗಂಡ ಮೂಡಲಗಿರಿಯಪ್ಪನಿಗೆ ಏನು ಹುರುಪು ಬಂತೋ, ಗಂಡಸರ ಸಾಲಿನಿಂದ ಎದ್ದು ನಿಂತೇಬಿಟ್ಟ.

"ಸಾರ್, ನಮ್ಮನೇಲೂ ಐತೆ ಸಾರ್! ನಮ್ಮ ಹೆಂಗ್ಸಿಗೆ. ನಾವೇನ್ ಮುಚ್ಚಿಟ್ಕಂಡಿಲ್ಲ!"

ಚಪ್ಪಾಳೆಯೋ ಚಪ್ಪಾಳೆ. ಪ್ರಸನ್ನ ಕುಮಾರ್ ಕೆಳಗಿಳಿದು ಬಂದು ಅವನ ಕೈ ಕುಲುಕಿದರು. ಫೋಟೋ ಕೂಡ ತೆಗೆದರು. ಹೆಂಗಸರ ಸಾಲಿನಲ್ಲಿ ಕೂತಿದ್ದ ನರಸಮ್ಮನ ಕಡೆಗೆ ಊರಿಗೆ ಊರೇ ತಿರುಗಿತು. ಅವಳು ಸೆರಗು ಎಳೆದುಕೊಂಡು ತಲೆ ತಗ್ಗಿಸಿದಳು. ತನ್ನನ್ನು ಒಂದು ಮಾತು ಕೇಳಬಾರದಿತ್ತೇ ಈ ಮನುಷ್ಯ?

ಮಾರನೆಯ ದಿನದಿಂದ ಶುರು. ಊರು ಭಾಷಣವನ್ನು ಅಕ್ಷರಶಃ ಪಾಲಿಸಿತು. ಬೆಳಿಗ್ಗೆ ಕಸ ಗುಡಿಸುವಾಗಲೇ ಒಬ್ಬರು, ಮುದ್ದೆ ತಿರುವುವಾಗ ಇಬ್ಬರು, ಮಧ್ಯಾಹ್ನ ಅವಳ ಅರ್ಧ ಗಂಟೆಯಲ್ಲಿ ಇಡೀ ಗುಂಪು. ಶಿರಾದಿಂದ ದೊಡ್ಡಪ್ಪನ ಮಗ ನಂದೀಶ್ವರಯ್ಯ ಸ್ಕೂಟರಿನಲ್ಲಿ ಬಂದು, "ಏನ್ ಫಿಕರ್ ಹಚ್ಕಂಡಿದ್ಯವ್ವ?" ಅಂದ. ಮಾತ್ರೆ ನುಂಗುವವರು ಹುಣಸೆಹುಳಿ ಮುಟ್ಟಬಾರದು ಅಂತ ಒಬ್ಬಳು ಪಥ್ಯ ಹೇಳಿದಳು. ಮನೆಯಲ್ಲೋ ಆಗ ಹುಣಸೆಯ ಸುಗ್ಗಿ, ಪಡಸಾಲೆ ತುಂಬ ಬಿಡಿಸಬೇಕಾದ ಹಣ್ಣು. ಕೇಳುವವರೆಲ್ಲ ಕೇಳುವುದು ಒಂದೇ: ಯಾಕೆ ಹಿಂಗಾಯ್ತು?

ಜ್ವರವಾದರೆ ಮಳೆಯಲ್ಲಿ ನೆಂದೆ ಅನ್ನಬಹುದು. ಕಾಲು ಮುರಿದರೆ ಬಿದ್ದೆ ಅನ್ನಬಹುದು. ಇದಕ್ಕೆ ಏನು ಹೇಳಬೇಕು? ಗಂಡ ಹೊಡೆಯುವುದಿಲ್ಲ, ಕುಡಿಯುವುದಿಲ್ಲ. ಮಗ ಚಂದ್ರಶೇಖರ್ ಮಧುಗಿರಿಯಲ್ಲೇ ಕೆಲಸಕ್ಕಿದ್ದಾನೆ, ದಿನಾ ಮನೆಗೆ ಬರುತ್ತಾನೆ. "ಯಾಕೋ ಗೊತ್ತಿಲ್ಲ" ಎಂದರೆ ಬಂದವರು ಬಿಡುತ್ತಿರಲಿಲ್ಲ. ಏನೋ ಮುಚ್ಚಿಡ್ತಾಳೆ ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಕೊನೆಗೆ ಬೇಸತ್ತು ಒಬ್ಬರಿಗೆ ತಲೆನೋವಿನಿಂದ ಶುರುವಾಯಿತು ಅಂದಳು, ಇನ್ನೊಬ್ಬರಿಗೆ ಕೆಟ್ಟ ಕನಸು ಬಿತ್ತು ಅಂದಳು. ಎರಡು ಕಥೆಗಳೂ ನಲ್ಲಿಯ ಹತ್ತಿರ ಭೇಟಿಯಾಗಿ, ಅವಳಿಗೆ ಕಾಯಿಲೆ ಜಾಸ್ತಿಯಾಗಿದೆ ಎಂದು ತೀರ್ಮಾನವಾಯಿತು.

ಎಲ್ಲರಿಗಿಂತ ಹೆಚ್ಚು ಜೀವ ತಿಂದವಳು ಮೇಲಿನ ಬೀದಿಯ ರಾಮಾಂಜಿನಮ್ಮ. ಪಾವಗಡದ ಕಡೆಯಿಂದ ಮದುವೆಯಾಗಿ ಬಂದವಳು. ಬಾಯಿ ತೆರೆದರೆ ಅರ್ಧ ತೆಲುಗು. ಉಳಿದವರು ಒಂದು ಸಲ ಬಂದು ಹೋದರೆ ಇವಳು ದಿನಾ ಹಾಜರು. ಇವಳ ಪ್ರಶ್ನೆಗಳೋ, ಪೊಲೀಸರೂ ಅಷ್ಟು ಕೇಳುವುದಿಲ್ಲ.

"ಏಮಮ್ಮಾ, ರಾತ್ರಿ ನಿದ್ರೆ ಬಂತಾ? ಮಾತ್ರೆ ಹಾಕ್ಕಂಡ ಮೇಲೆ ಎಷ್ಟೊತ್ತಿಗೆ ಬತ್ತದೆ? ಯಾವ ಬಣ್ಣ ಅದು? ದೊಡ್ಡದಾ ಚಿಕ್ಕದಾ?"

"ಬಣ್ಣ ತಗಂಡು ಏನ್ ಮಾಡ್ತೀಯೆ? ಸೀರೆ ತಗೀತೀಯಾ?" ಎಂದು ನರಸಮ್ಮ ಸಿಡುಕಿದಳು. ಸುತ್ತ ಕೂತವರು ನಕ್ಕರು. ರಾಮಾಂಜಿನಮ್ಮನೂ ನಕ್ಕಳು. ಮಾರನೆಯ ದಿನ ಮತ್ತೆ ಬಂದಳು.

ನಿದ್ದೆ ಮತ್ತೆ ಕೈಕೊಟ್ಟಿತು. ಬಾಗಿಲಲ್ಲಿ ಚಪ್ಪಲಿಯ ಸದ್ದಾದರೆ ಸಾಕು, ನರಸಮ್ಮನ ಎದೆ ಹೊಡೆದುಕೊಳ್ಳುತ್ತಿತ್ತು. ಒಂದು ಬೆಳಿಗ್ಗೆ ಕಾಫಿಗೆ ಇಟ್ಟಿದ್ದ ಹಾಲು ಉಕ್ಕಿ ಒಲೆಯೆಲ್ಲ ಹರಿಯುತ್ತಿದ್ದರೂ ನೋಡುತ್ತಾ ನಿಂತಳು.

"ಬಾಗ್ಲಲ್ಲಿ ನಿಂತು, ಬರಬೇಡ್ರಪ್ಪ ಅಂತ ಒಂದು ಮಾತು ಹೇಳಿ" ಎಂದು ಗಂಡನನ್ನು ಕೇಳಿದಳು.

"ಅದೆಂಗಾಗ್ತದೆ? ಪ್ರೀತಿಯಿಂದ ಬರೋರನ್ನ ಬರಬೇಡಿ ಅಂತ ಯಾವ ಬಾಯಲ್ಲಿ ಹೇಳಾನೆ? ನಾಳೆ ನಮ್ಮ ಹುಡುಗಿ ಮದ್ವೆಗೆ ಜನ ಬ್ಯಾಡ್ವಾ?" ಮೂಡಲಗಿರಿಯಪ್ಪ ತಲೆ ಕೆರೆದುಕೊಂಡ. "ಒಂದ್ ಕೆಲ್ಸ ಮಾಡು. ವಾಸಿ ಆಗೋಯ್ತು ಅಂದ್ಬುಡು. ವಾಸಿ ಆದೋರನ್ನ ಯಾರು ನೋಡಾಕೆ ಬತ್ತಾರೆ?"

ಅದರಲ್ಲೊಂದು ತೊಡಕಿತ್ತು. ವಾಸಿಯಾದವಳು ಬುಧವಾರದ ಬಸ್ಸು ಹತ್ತುವಂತಿಲ್ಲ. ಬುಧವಾರ ಅವಳು ಮತ್ತೆ ಡಾಕ್ಟರ ಹತ್ತಿರ ಹೋಗಬೇಕಿತ್ತು, ಮಾತ್ರೆಯೂ ಮುಗಿಯುತ್ತಾ ಬಂದಿತ್ತು. ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಊರಿನ ಅರ್ಧ ಜನ ಕೂತಿರುತ್ತಾರೆ. ಆದರೂ ಅವಳಿಗೆ ಸಾಕುಸಾಕಾಗಿತ್ತು. ಮಾತ್ರೆ ಹೋದರೆ ಹೋಗಲಿ, ಈ ಜನ ಹೋದರೆ ಸಾಕು ಅನ್ನಿಸಿತು. ನಲ್ಲಿಯ ಹತ್ತಿರ ಬಿಂದಿಗೆ ಇಟ್ಟು, "ನಂಗೆ ಪೂರ್ತಿ ವಾಸಿ ಆಯ್ತು ಕಣ್ರಮ್ಮ" ಎಂದು ಎಲ್ಲರಿಗೂ ಕೇಳುವಂತೆ ಹೇಳಿಬಂದಳು.

ಹೆಂಗೆ ವಾಸಿಯಾಯಿತು ಎಂದು ಕೇಳಲು ಅವತ್ತು ಸಂಜೆ ಇನ್ನೂ ಹೆಚ್ಚು ಜನ ಬಂದರು.

ಆಗಲೇ ಅವಳಿಗೆ ಬೀಗದ ಯೋಚನೆ ಬಂದದ್ದು. ಮಾರನೆಯ ದಿನ ಊಟವಾದ ಮೇಲೆ ಹರ್ಷಿತಾಳನ್ನು ಕರೆದಳು. "ಹೊರಗಿಂದ ಬೀಗ ಹಾಕ್ಕಂಡು, ಬೀಗದ ಕೈ ತಗಂಡು ತೋಟಕ್ಕೆ ಹೋಗು. ನಿಮ್ಮಪ್ಪ ಹುಣಸೆ ಬಡಿತಾವ್ರೆ, ಆಯ್ಕಂತಾ ಇರು. ನಾನು ಒಳಗಿರ್ತೀನಿ."

"ಅಮ್ಮಾ, ನಿನ್ನನ್ನ ಒಳಗೆ ಕೂಡಿ ಹಾಕಿ ಹೋಗೋದಾ?"

"ಕೂಡಿ ಹಾಕು. ಹೊರಗಿರೋಕೆ ನಂಗೆಲ್ಲಿ ಬುಟ್ಟವ್ರೆ ಇವ್ರು?"

ಮಗಳು ಒಲ್ಲದ ಮನಸ್ಸಿನಿಂದ ಬೀಗ ಹಾಕಿಕೊಂಡು ಹೋದಳು. ನರಸಮ್ಮ ಕಿಟಕಿಯನ್ನು ಒಂದಿಷ್ಟು ಮಾತ್ರ ತೆರೆದಿಟ್ಟು, ಗೋಡೆಗೆ ಒರಗಿ ಕಾಲು ಚಾಚಿದಳು. ಮನೆಯಲ್ಲಿ ಹುಣಸೆಹಣ್ಣಿನ ಹುಳಿ ವಾಸನೆ. ಬೀದಿಯಲ್ಲಿ ಒಂದು ಕೋಳಿಯ ಸದ್ದು ಬಿಟ್ಟರೆ ಏನೂ ಇಲ್ಲ. ಹೆಗಲು ತಾನಾಗಿಯೇ ಇಳಿಯಿತು. ಅಯ್ಯಪ್ಪಾ ಎಂದು ಉಸಿರುಬಿಟ್ಟಳು.

ಅಷ್ಟರಲ್ಲಿ ಚಪ್ಪಲಿಯ ಸದ್ದು.

"ಏಮಮ್ಮಾ ನರಸಮ್ಮಾ... ಅರೆ, ಬೀಗ."

ರಾಮಾಂಜಿನಮ್ಮ. ಇನ್ಯಾರು? ಹೋಗುತ್ತಾಳೆ ಅಂದುಕೊಂಡು ನರಸಮ್ಮ ಉಸಿರು ಬಿಗಿಹಿಡಿದಳು. ಹೋಗುವುದೆಲ್ಲಿ, ಕಿಟಕಿಯ ಕೆಳಗಿನ ಜಗಲಿಯ ಮೇಲೆ ಕುಕ್ಕರಿಸಿದಳು, ಮನೆಯವರು ಬರುವ ತನಕ ಕಾಯುವವಳ ಹಾಗೆ. ಆಮೇಲೆ ಫೋನಿನ ಸದ್ದಾಯಿತು. ನಾಗಲಮಡಿಕೆಯಲ್ಲಿದ್ದ ತಂಗಿಗೆ ಹಚ್ಚಿದ್ದಳು. ನರಸಮ್ಮನಿಗೆ ರೇಗಿ ಹೋಯಿತು. ಇವಳ ಹರಟೆಗೆ ನನ್ನ ಜಗಲಿಯೇ ಬೇಕಿತ್ತಾ?

"ಹಾ, ನಾನೇ ಕಣೇ... ಇಲ್ಲ, ಇವತ್ತೂ ಆಗಲಿಲ್ಲ. ಬೀಗ ಹಾಕವ್ರೆ... ನಿದ್ರ ರಾದೇ, ಬರಲ್ಲ ಕಣೇ, ಏನ್ ಮಾಡಿದ್ರೂ ಬರಲ್ಲ. ಬೆಳಗಾನ ಕಣ್ಣು ಬಿಟ್ಕಂಡು ಜಂತೆ ನೋಡ್ತಾ ಇರ್ತೀನಿ." ರಾಮಾಂಜಿನಮ್ಮನ ದನಿ ಇದ್ದಕ್ಕಿದ್ದಂತೆ ಸಣ್ಣಗಾಯಿತು. "ದಿನಾ ಬರ್ತೀನಿ ಕೇಳಾನ ಅಂತ. ಮನೆ ತುಂಬ ಜನ. ಅಷ್ಟು ಜನದ ಮುಂದೆ ನಂಗೂ ಅಂಗೇ ಆಗ್ತದೆ ಅಂತ ಹೆಂಗೇ ಹೇಳ್ಲಿ? ಆವಮ್ಮನ ಗತಿ ನೋಡಿದ್ಯಾ? ಒಂದು ಮಾತು ಆಚೆ ಬಂದಿದ್ದಕ್ಕೆ ಊರೆಲ್ಲ ಮೇಲೆ ಬಿದ್ದು ತಿಂದಾಕ್ತಾವ್ರೆ. ನಂಗ್ಯಾಕೆ ಬೇಕು ಅದು?"

ನರಸಮ್ಮ ಚಾಚಿದ್ದ ಕಾಲನ್ನು ಮಡಚಿಕೊಂಡಳು.

"ಅದಕ್ಕೇ ಮಾತ್ರೆ ಬಣ್ಣ ಕೇಳ್ದೆ. ಮೆಡಿಕಲ್ ಅಂಗಡೀಲಿ ಅಂಥದೇ ಕೊಡಿ ಅಂದ್ರಾಯ್ತು ಅಂತ. ಅವಳು ಹೇಳಲಿಲ್ಲ. ಈಗ ವಾಸಿ ಆಗೋಯ್ತಂತೆ, ಪುಣ್ಯವಂತೆ. ಇಷ್ಟು ಬೇಗ ವಾಸಿ ಆಗ್ತದೆ ಅಂದ್ರೆ ಎಂಥ ಮಾತ್ರೆ ಇರ್ಬೇಕು ನೋಡು. ನಾಳೆ ನಾನೇ ಹೋಗಿ ನಿದ್ದೆ ಮಾತ್ರೆ ಯಾವ್ದಾದ್ರೂ ಸರಿ ಕೊಡಿ ಅಂತೀನಿ. ಒಂದಕ್ಕೆ ಬರ್ದೇ ಹೋದ್ರೆ ನಾಕು ನುಂಗಿದ್ರಾಯ್ತು."

ಫೋನು ಇಟ್ಟ ಮೇಲೆ ಮೂಗು ಎಳೆದುಕೊಂಡ ಸದ್ದು ಕೇಳಿಸಿತು.

ನರಸಮ್ಮನಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಗಂಡನ ಮೇಲೆ, ಆ ಮೈಕಿನ ಮೇಲೆ, ಗೂಡಿನ ಹಾರ್ಲಿಕ್ಸ್ ಬಾಟಲಿಯ ಮೇಲೆ, ನಲ್ಲಿಯ ಹತ್ತಿರ ಸುಳ್ಳು ಹೇಳಿದ ತನ್ನ ಬಾಯಿಯ ಮೇಲೆ. ಎಲ್ಲಕ್ಕಿಂತ ಹೆಚ್ಚಾಗಿ ಈ ರಾಮಾಂಜಿನಮ್ಮನ ಮೇಲೆ. ಇರುವುದೊಂದು ಅರ್ಧ ಗಂಟೆ, ಅದರಲ್ಲೇ ಬಂದು ಇದನ್ನು ಹೇಳಬೇಕಿತ್ತೇ? ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಬಾಗಿಲಿಗೆ ಬೀಗವಿದೆ, ಮನೆಯಲ್ಲಿ ಯಾರೂ ಇಲ್ಲ. ಆದರೂ ಎದ್ದು ಕಿಟಕಿ ಪೂರ್ತಿ ತೆರೆದಳು.

"ಲೇ ರಾಮಾಂಜಿ. ಅಂಗಡೀಲಿ ಯಾವ ಮಾತ್ರೇನೂ ಕೇಳ್ಬೇಡ."

"ಅಯ್ಯೋ ದೇವುಡಾ!" ರಾಮಾಂಜಿನಮ್ಮ ಜಗಲಿಯಿಂದ ಬೀಳುವುದೊಂದು ಬಾಕಿ. "ಒಳಗೈದೀಯಾ? ಬೀಗ ಯಾರು ಹಾಕಿದ್ದು? ಮೂಡಲಗಿರಿಯಣ್ಣ ಕೂಡಾಕವ್ರಾ?"

"ನಾನೇ ಹಾಕಿಸ್ಕಂಡೆ. ನಿಮ್ಮ ಕಾಟ ತಡೀಲಾರ್ದೆ."

ರಾಮಾಂಜಿನಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಕಣ್ಣು ಇನ್ನೂ ಒದ್ದೆಯಾಗಿತ್ತು. ಹತ್ತಿರದಿಂದ ನೋಡಿದರೆ ಆ ಕಣ್ಣಿನ ಕೆಳಗೆ ಕಪ್ಪು. ಇಷ್ಟು ದಿನ ಎದುರಿಗೇ ಕೂತಿದ್ದರೂ ನರಸಮ್ಮ ಅದನ್ನು ನೋಡಿರಲಿಲ್ಲ.

"ನಂಗೆ ವಾಸಿ ಆಗಿಲ್ಲ ಕಣೇ" ಎಂದಳು ನರಸಮ್ಮ. "ಸುಳ್ಳು ಹೇಳ್ದೆ. ಬುಧವಾರ ಬೆಳಿಗ್ಗೆ ಬಸ್ಸಿಗೆ ಹೋಗ್ತಾ ಇದೀನಿ. ನೀನೂ ಬಾ. ಕಟ್ಟೆ ಮೇಲಿರೋರು ಕೇಳಿದ್ರೆ ನನ್ನ ಜೊತೆಗೆ ಬಂದೋಳು ಅನ್ನು. ನೋಡೋದೆಲ್ಲ ನನ್ನನ್ನೇ ನೋಡ್ಲಿ."

"ಡಾಕ್ಟ್ರು ಏನ್ ಕೇಳ್ತಾರೆ? ಯಾಕಿಂಗಾಯ್ತು ಅಂತಾರಾ? ಹೇಳೋಕೆ ನನ್ನತ್ರ ಏನೂ..."

"ಈಗ ಏನೂ ಕೇಳ್ಬೇಡ. ನನ್ನ ಅರ್ಧ ಗಂಟೆ ಇನ್ನೂ ಮುಗಿದಿಲ್ಲ. ಕಾಲು ಚಾಚ್ಕಂಡು ಸುಮ್ಕೆ ಕೂತ್ಕೊ."

ನರಸಮ್ಮ ಒಳಗೆ ಗೋಡೆಗೆ ಒರಗಿ ಕೂತಳು. ಗೋಡೆಯ ಆ ಕಡೆ ರಾಮಾಂಜಿನಮ್ಮ ಕಾಲು ಚಾಚುವಾಗ ಬಳೆಯ ಸದ್ದು, ಕಾಲುಂಗುರದ ಸದ್ದು ಕೇಳಿಸಿತು. ಆಮೇಲೆ ಅದೂ ನಿಂತಿತು. ಈ ಹೆಂಗಸಿಗೆ ಸುಮ್ಮನಿರಲೂ ಬರುತ್ತದೆ ಎಂದು ನರಸಮ್ಮನಿಗೆ ಗೊತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ಬೀದಿಯಲ್ಲಿ ಮತ್ತೆ ಹೆಜ್ಜೆ. ಕೆಳಗಿನ ಬೀದಿಯ ರೇಣುಕಯ್ಯನ ಕೆಮ್ಮು. ಎಳನೀರು ತಂದಿರಬೇಕು.

"ಬೀಗ ಹಾಕೈತಲ್ಲಮ್ಮ. ಯಾರೂ ಇಲ್ವಾ ಮನೇಲಿ? ಬರೋಗಂಟ ಕೂತಿರ್ಲಾ?"

"ಯಾರೂ ಇಲ್ಲ ಕಣಣ್ಣ" ಎಂದಳು ರಾಮಾಂಜಿನಮ್ಮ, ಜಗಲಿಯ ಉದ್ದಕ್ಕೂ ಚಾಚಿದ ಕಾಲನ್ನು ತೆಗೆಯದೆ. "ಕೂರೋಕೂ ಜಾಗ ಇಲ್ಲ. ಹೋಗ್ಬಾ."