ಎತ್ತಿನ ಪಾಳಿ

“ಏ ಮೋಶೆ! ಸಮುದ್ರ ಸೀಳಿದಾವ ಅಲ್ಲೇನಲೇ ನೀನು? ಒಂದು ಬಾನಿ ನೀರು ಜಗ್ಗಾಕ ಯಾಕ ಇಷ್ಟು ಮುಕ್ಕರಿಸ್ತಿ, ಸೂಳೆಮಗನ?”

ಪಟೇಲನ ಬಂಟ ಕರಿಬಸಯ್ಯ ಬಾರುಕೋಲಿನ ಮೊಳೆಯನ್ನು ಮೊಗುಲಪ್ಪನ ಬೆನ್ನಿಗೆ ತಿವಿದ. ನೊಗದ ಒಂದು ಕಡೆ ಮೊಗುಲಪ್ಪನ ಹೆಗಲಿತ್ತು, ಇನ್ನೊಂದು ಕಡೆ ಸಾಯಣ್ಣನದು. ನೊಗಕ್ಕೆ ಕಟ್ಟಿದ ಮಿಣಿಹಗ್ಗ ಗಾಲಿಯ ಮೇಲೆ ಹಾದು ಬಾವಿಗೆ ಇಳಿದಿತ್ತು. ಅದರ ತುದಿಗೆ ತೊಗಲಿನ ಕಪಿಲೆಬಾನಿ. ಇಬ್ಬರೂ ಇಳಿಜಾರಿನಲ್ಲಿ ನೆಲ ಮೂಸುವಷ್ಟು ಬಾಗಿ ಜಗ್ಗುತ್ತ ಇಳಿದರೆ ಬಾನಿ ಮೇಲೆ ಬಂದು ಕಾಲುವೆಗೆ ಸುರಿಯುತ್ತಿತ್ತು. ಆಮೇಲೆ ನೊಗ ಹೊತ್ತುಕೊಂಡೇ ಹಿಂದ್ಹಿಂದಕ್ಕೆ ಏರಿ ಬಾವಿಯ ಬಾಯಿಗೆ ಬರಬೇಕು. ಮತ್ತೆ ಇಳಿಯಬೇಕು.

ಕಪಿಲೆಯ ಎತ್ತುಗಳು ಬೇವಿನ ನೆರಳಲ್ಲಿ ಮಲಗಿ ಮೆಲುಕು ಹಾಕುತ್ತಿದ್ದವು. ಬೆಳಿಗ್ಗೆ ಮೈ ತೊಳೆದು ಹಣೆಗೆ ವಿಭೂತಿ ಹಚ್ಚಿದ್ದರು. ಅವತ್ತು ಸೋಮವಾರ. ಸೋಮವಾರ ಜಾಲಿಮಡುವಿನಲ್ಲಿ ಯಾರೂ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ.

ಬದುವಿನ ಮೇಲೆ ಕೊಡೆ ಹಿಡಿದು ನಿಂತಿದ್ದ ಮಾಲಿಪಟೇಲ ದೇವೇಂದ್ರಪ್ಪ ಸಿಟ್ಟಾಗಿರಲಿಲ್ಲ. ಲೆಕ್ಕ ಹೇಳುವವನ ಹಾಗೆ ಹೇಳಿದ. “ನಿಮ್ಮ ದೇವರು ನಿಮಗ ಐತಾರ ಸೂಟಿ ಕೊಟ್ಟಾನ. ತಗೊಂಡ್ರಿ. ನಮ್ಮ ಬಸವಣ್ಣಗ ಸೋಮಾರ ಸೂಟಿ. ಮೆಣಸಿನ ಗಿಡ ಯಾರ ದೇವರ ಮಾತೂ ಕೇಳಂಗಿಲ್ಲ, ಅದಕ್ಕ ದಿನಾ ನೀರು ಬೇಕು. ಇನ್ನ ಮ್ಯಾಲೆ ಎತ್ತಿನ ಪಾಳಿ ನೀವ ಮಾಡ್ರಿ.”

ಕೇರಿಗೆ ಯೇಸುಸ್ವಾಮಿ ಬಂದು ಬಹಳ ವರ್ಷವಾಗಿರಲಿಲ್ಲ. ಮಖ್ತಲದ ಕಡೆಯಿಂದ ಬಂದ ಮಿಶನ್ನಿನ ದೊರೆಸಾನಿಯೊಬ್ಬಳು ಹಳ್ಳದ ನೀರಲ್ಲಿ ಮಾದಿಗರ ಕೇರಿಯನ್ನು ಇಡಿಯಾಗಿ ಮುಳುಗಿಸಿ ಎಬ್ಬಿಸಿ ಹೋಗಿದ್ದಳು. ಮೊಗುಲಪ್ಪ ಮೋಶೆಯಾದ. ಪಟೇಲನ ಮನೆಯವರು ಬೈಯಲು ಬೇಕಾದಾಗ ಮಾತ್ರ ಆ ಹೆಸರು ಹಿಡಿದು ಕೂಗುತ್ತಿದ್ದರು. ಕೂಲಿಯಿಲ್ಲದ ಬಿಟ್ಟಿ ದುಡಿಮೆ ಮಾತ್ರ ಹಾಗೆಯೇ ಉಳಿಯಿತು. ಬಿಟ್ಟಿ ಕೂಡದೆಂದು ನಿಜಾಮ ಸರಕಾರದ ಹುಕುಮು ಬಂದಿತ್ತಂತೆ. ಕಚೇರಿಯ ಗೋಡೆಗೆ ಅಂಟಿಸಿದ ಆ ಕಾಗದವನ್ನು ಓದಬಲ್ಲವರೆಲ್ಲ ಬಿಟ್ಟಿ ಮಾಡಿಸಿಕೊಳ್ಳುವವರೇ ಆಗಿದ್ದರು.

ದೊರೆಸಾನಿ ಕಳಿಸಿದ ಉಪದೇಶಿಯ ಹೆಸರು ಸತ್ಯಮಿತ್ರ. ರಾಯಚೂರಿನಲ್ಲಿ ಓದಿದವನು. ಕೋಟು ಹಾಕುತ್ತಿದ್ದ. ಅವನಪ್ಪನೂ ಯಾವುದೋ ಊರಿನಲ್ಲಿ ಸತ್ತ ದನ ಎಳೆದವನೇ. ಕೇರಿಯ ಅಂಚಿನ ಜೋಪಡಿಯಲ್ಲಿ ಪ್ರತಿ ಐತಾರ ಸತ್ಯವೇದ ಓದಿ ಒಂದು ಪಾಠ ಹೇಳುತ್ತಿದ್ದ. ಪಾಠ ಮುಗಿದ ಮೇಲೆ ಪುಸ್ತಕ ಮುಚ್ಚಿ ಒಂದು ಮಾತು ಕೇಳುವುದು ಅವನ ರೂಢಿ. “ಕೇಳಿದ್ದಾಯಿತು. ಈ ವಾರ ನಿಮ್ಮ ಮನೆಯಲ್ಲಿ ಇದನ್ನು ಹೇಗೆ ನಡೆಸುತ್ತೀರಿ?”

ಅವರು ನಡೆಸುತ್ತಿದ್ದರು. ಬೇರೆ ದೇವರು ಕೂಡದು ಎಂದಾಗ ಮೊಗುಲಪ್ಪನ ಹೆಂಡತಿ ಹಂಪಮ್ಮ ಗೂಡಿನಲ್ಲಿದ್ದ ಮಾರೆಮ್ಮನ ಗಡಿಗೆಯನ್ನು ಹೊಸ ಬಟ್ಟೆಯಲ್ಲಿ ಸುತ್ತಿ, “ಸಿಟ್ಟಾಗಬ್ಯಾಡ ತಾಯೀ, ಅಲ್ಲಿ ಚೆಂದ ನೋಡ್ಕೋತಾರ” ಎಂದು ಇಟಿಕ್ಯಾಲದ ಅಕ್ಕನ ಮನೆಗೆ ಮುಟ್ಟಿಸಿ ಬಂದಳು. ದೇವರ ಹೆಸರೆತ್ತಿ ಆಣೆ ಬೈಗುಳ ಕೂಡದು ಎಂದ ವಾರ ಸಾಯಣ್ಣ ಮೂಗನೇ ಆಗಿಬಿಟ್ಟ. ಬೈಗುಳ ತೆಗೆದರೆ ಅವನ ಬಾಯಲ್ಲಿ ಉಳಿಯುವ ಮಾತೇ ಇರಲಿಲ್ಲ. ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು.

ನಾಲ್ಕನೆಯ ಪಾಠ ವಿಶ್ರಾಂತಿಯ ದಿನದ್ದು. ಆ ದಿನ ನೀನಾಗಲಿ, ನಿನ್ನ ಆಳಾಗಲಿ, ತೊತ್ತಾಗಲಿ, ಎತ್ತಾಗಲಿ, ಕತ್ತೆಯಾಗಲಿ ದುಡಿಯಬಾರದು ಎಂದು ಉಪದೇಶಿ ಓದಿದ.

“ಆಳೂ ಅಂತ ಬರದೈತೇನ್ರೀ?” ಹಂಪಮ್ಮ ಕೇಳಿದಳು.

“ಬರೆದಿದೆ.”

“ಎತ್ತಿಗೂ?”

“ಎತ್ತಿಗೂ.”

“ಮತ್ತ ನಾವು ಇಲ್ಲಿಂದ ಎದ್ದು ಸೀದಾ ಪಟೇಲನ ತೋಟಕ್ಕ ಹೋಗ್ತೀವಲ್ರೀ?”

ಉಪದೇಶಿ ಪುಸ್ತಕದ ಅಂಚನ್ನು ಹೆಬ್ಬೆರಳಿನಿಂದ ಸವರಿದ. “ಅದು... ಪ್ರಾರ್ಥನೆ ತಪ್ಪಿಸಬೇಡಿರಿ. ಅಷ್ಟು ಸಾಕು.” ಅವತ್ತು ರೂಢಿಯ ಮಾತು ಕೇಳುವುದನ್ನು ಅವನು ಮರೆತ. ಮರೆತನೋ, ಬಿಟ್ಟನೋ. ಆದರೆ ಮುಂದಿನ ಐತಾರ ಕೇರಿಯಿಂದ ಯಾರೂ ತೋಟಕ್ಕೆ ಹೋಗಲಿಲ್ಲ. ಹೆಂಗಸರು ಒಬ್ಬರ ತಲೆ ಒಬ್ಬರು ಬಾಚಿಕೊಂಡರು. ಗಂಡಸರು ಹಗಲು ಸುಮ್ಮನೆ ಕೂತು ರೂಢಿಯಿಲ್ಲದೆ ಎದ್ದು ಎದ್ದು ಓಡಾಡಿದರು. ಮೊಗುಲಪ್ಪ ಮಧ್ಯಾಹ್ನ ಮಲಗಿದ. ಬೇನೆಯಿಲ್ಲದೆ ಅವನು ಹಗಲು ಮಲಗಿದ್ದನ್ನು ಹಂಪಮ್ಮ ನೋಡಿದ್ದು ಅದೇ ಮೊದಲು.

ಮರುದಿನ, ಸೋಮವಾರ ಬೆಳಿಗ್ಗೆ, ಅವರ ಹೆಗಲಿಗೆ ನೊಗ ಬಂದಿತ್ತು.

ಹೊತ್ತು ನೆತ್ತಿಗೇರುವಷ್ಟರಲ್ಲಿ ಇಳಿಜಾರು ಚೆಲ್ಲಿದ ನೀರಿನಿಂದ ಕೆಸರಾಗಿತ್ತು. ತುಂಬಿದ ಬಾನಿ ಅರ್ಧ ಮೇಲೆ ಬಂದಿದ್ದಾಗ ಸಾಯಣ್ಣನ ಕಾಲು ಜಾರಿತು. ಎತ್ತಿಗಾದರೆ ಗೊರಸಿದೆ, ಊರಿ ನಿಲ್ಲುತ್ತದೆ. ಬಾನಿಯ ಭಾರ ನೊಗವನ್ನು ಹಿಂದಕ್ಕೆ ಸೆಳೆಯಿತು. ನೊಗ ಇಬ್ಬರನ್ನೂ ಮಲಗಿಸಿ ದರದರ ಬಾವಿಯ ಬಾಯಿಗೆ ಎಳೆದೊಯ್ದಿತು. ಮೊಗುಲಪ್ಪ ಗಾಲಿಯ ಕಂಬವನ್ನು ತಬ್ಬಿ ಹಿಡಿದ. ಸಾಯಣ್ಣನ ಕಾಲು ಕಂಬಕ್ಕೂ ಕಲ್ಲಿಗೂ ನಡುವೆ ಸಿಕ್ಕಿತು. ಹಸಿ ಕಟ್ಟಿಗೆ ಮುರಿದ ಸದ್ದು ಬೇವಿನ ಮರದ ತನಕ ಕೇಳಿಸಿತು. ಸಾಯಣ್ಣ ಕಲಿತ ಪಾಠ ಬಿಟ್ಟು ಮಾರೆಮ್ಮನಿಂದ ಹಿಡಿದು ಯೇಸುವಿನ ತನಕ ಒಬ್ಬರನ್ನೂ ಉಳಿಸದೆ ಬೈದ.

ಪಟೇಲ ಬಗ್ಗಿ ನೋಡಿದ. ಮೊಣಕಾಲ ಕೆಳಗೆ ಎಲುಬು ತೊಗಲು ಹರಿದು ಹೊರಗೆ ಬಂದಿತ್ತು.

“ಎತ್ತಿನ ಕಾಲು ಮುರದಿದ್ರ ದೊಡ್ಡ ಲುಕ್ಸಾನ ಆಗ್ತಿತ್ತು,” ಎಂದ. “ಕರಿಬಸಯ್ಯಾ, ಬ್ಯಾರೆಯವನ್ನ ಕರಿ.”

ಆ ವಾರದಲ್ಲೇ ಪಟೇಲ ಉಪದೇಶಿಗೆ ಹೇಳಿಕಳಿಸಿದ. ಸತ್ಯಮಿತ್ರ ಕೋಟು ಹಾಕಿಕೊಂಡು ಹೋದ. ತಲಬಾಗಿಲ ಹೊರಗೆ ಬೂಟು ಬಿಟ್ಟ. ಕರಿಬಸಯ್ಯ, “ಅಲ್ಲಿ ಬಿಡಬ್ಯಾಡಲೇ, ಕೈಯಾಗ ಹಿಡಕೋ” ಎಂದ. ಬೂಟನ್ನು ಎದೆಗೆ ಹಿಡಿದುಕೊಂಡು ಅಂಗಳದ ಬಿಸಿಲಲ್ಲಿ ನಿಂತ. ಪಟೇಲ ಒಳಗೆ ಉಂಡು, ಬಾಯಿ ತೊಳೆದು, ಎಲೆ ಹಾಕಿಕೊಂಡು ಹೊರಗೆ ಬಂದ.

“ಏಮ್ರಾ ಉಪದೇಶಿ, ನಿಮ್ಮ ಜೋಪಡಿ ಯಾರ ಜಾಗದಾಗೈತಿ?”

“ತಮ್ಮದೇ ರೀ.”

“ನಿಮ್ಮ ಪುಸ್ತಕದಾಗ ಧಣಿ ಮಾತು ಕೇಳ್ರಿ ಅಂತ ಬರದಿಲ್ಲೇನು?”

ಉಪದೇಶಿ ತುಟಿ ಒದ್ದೆ ಮಾಡಿಕೊಂಡ. “ಐತ್ರೀ,” ಎಂದ. ರಾಯಚೂರಿನ ಭಾಷೆ ಅವನ ಬಾಯಿಂದ ಬಿದ್ದುಹೋಗಿತ್ತು.

“ಇದ್ರ ಅದನ್ನ ಓದು. ಇಲ್ಲಾಂದ್ರ ಜಾಗ ಖಾಲಿ ಮಾಡು.”

ಐತಾರ ಇಡೀ ಕೇರಿ ಪ್ರಾರ್ಥನೆಗೆ ಬಂತು. ಮುದುಕರು, ಎದೆಹಾಲಿನ ಕೂಸುಗಳು, ಯಾರೂ ಮನೆಯಲ್ಲಿ ಉಳಿಯಲಿಲ್ಲ. ಸಾಯಣ್ಣನನ್ನು ಹೊರಸಿನ ಮೇಲೆ ಹೊತ್ತು ತಂದು ಮುಂದೆ ಇಟ್ಟರು. ಬಿದಿರ ದಬ್ಬೆ ಕಟ್ಟಿದ ಅವನ ಕಾಲು ಬೂದುಗುಂಬಳದಷ್ಟು ಊದಿತ್ತು, ವಾಸನೆ ಬರುತ್ತಿತ್ತು. ಮೊಗುಲಪ್ಪನ ಹೆಗಲ ಮೇಲಿನ ಹುಣ್ಣಿಗೆ ನೊಣ ಮುತ್ತುತ್ತಿದ್ದವು. ಉಪದೇಶಿ ಇಬ್ಬರನ್ನೂ ನೋಡದೆ ಪುಸ್ತಕ ತೆರೆದ. ಆಳುಗಳೇ, ನಿಮ್ಮ ಧಣಿಗಳಿಗೆ ಭಯದಿಂದ ವಿಧೇಯರಾಗಿರಿ ಎಂಬುದು ಅವತ್ತಿನ ಪಾಠ. ಮುಗಿದ ಮೇಲೆ, ರೂಢಿಯ ಬಲದಿಂದಲೋ ಏನೋ, ಆ ಮಾತು ಬಾಯಿಂದ ಬಂದೇಬಿಟ್ಟಿತು. “ಈ ವಾರ ನಿಮ್ಮ ಮನೆಯಲ್ಲಿ ಇದನ್ನು ಹೇಗೆ ನಡೆಸುತ್ತೀರಿ?”

ತೋಟದ ಕಡೆಯಿಂದ ಗಾಲಿ ಕಿರುಗುಟ್ಟುವ ಸದ್ದು ಬರುತ್ತಿತ್ತು. ಕರಿಬಸಯ್ಯ ತಾನೇ ಎತ್ತು ಹೂಡಿ ಕಪಿಲೆ ಹೊಡೆಯುತ್ತಿದ್ದ.

ಹಂಪಮ್ಮ ಎದ್ದು ನಿಂತಳು. “ಈ ಪಾಠ ಆಮ್ಯಾಲೆ ನೋಡೋಣ್ರೀ,” ಎಂದಳು. “ಹೋದ ಪಾಠಾನ ಇನ್ನೂ ಮುಗದಿಲ್ಲ.”

“ಹಂಪಮ್ಮಾ, ಎಲ್ಲಿಗೆ?”

“ಎತ್ತಿಗೂ ಅಂತ ನೀವ ಓದಿದ್ರಲ್ರೀ.”

ಅವಳು ಹೊರಟಳು. ಗಂಡ ಹಿಂದೆ ಓಡಿದ. “ಏ ಹುಚ್ಚಿ, ಹೊಳ್ಳಿ ಬಾ, ಕೊಲ್ತಾರ ನಿನ್ನ!” ಅವಳು ಹೊಳ್ಳಿ ನೋಡಲಿಲ್ಲ. ಬದು ದಾಟಿ, ಮೆಣಸಿನ ಪಾತಿ ದಾಟಿ, ಬಾವಿಯ ಬಾಯಿಗೆ ಬಂದಿದ್ದ ಎತ್ತುಗಳ ಮುಂದೆ ಹೋಗಿ ನಿಂತಳು.

“ದೂರ ಸರೀ! ಮೈಲಿಗಿ ಆಕ್ಕೈತಿ! ದೂರ ಸರೀ ಬೋಸುಡಿ!” ಕರಿಬಸಯ್ಯ ಒದರಿದ.

ಅವಳು ಬಲಗಡೆಯ ಎತ್ತಿನ ಕೊರಳನ್ನು ನೊಗಕ್ಕೆ ಬಿಗಿದ ಜತ್ತಿಗೆಯ ಗಂಟಿಗೆ ಕೈ ಹಾಕಿದಳು. ಅವಳ ಕೈ ಹಿಡಿದು ಎಳೆಯಲು ಕರಿಬಸಯ್ಯ ಮುಂದೆ ಬಂದ. ಬಂದು ನಿಂತುಬಿಟ್ಟ. ಹಿಡಿದರೆ ಅವನಿಗೂ ಮೈಲಿಗೆ. ಮಾರು ದೂರ ನಿಂತು ಬಾರುಕೋಲಿನಿಂದ ಹೊಡೆದ. ಬೆನ್ನಿಗೆ, ತೋಳಿಗೆ, ಕಿವಿಯ ಮೇಲೆ. ಒಂದೊಂದು ಏಟಿಗೂ ಅವಳು ಹಲ್ಲು ಕಚ್ಚಿ ಗಂಟು ಸಡಿಲಿಸಿದಳು. ಬಲಗಡೆಯದು ಬಿಚ್ಚಿತು. ಎಡಗಡೆಯದಕ್ಕೆ ಹೋದಳು. ಅದೂ ಬಿಚ್ಚಿತು. ನೊಗ ನೆಲಕ್ಕೆ ಬಿತ್ತು, ಜಾರಿತು, ಮಿಣಿಯನ್ನೂ ಎಳೆದುಕೊಂಡು ಬಾವಿಯೊಳಗೆ ಧುಡುಂ ಎಂದಿತು. ಎತ್ತುಗಳು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ನಿಂತವು.

ಕಿವಿಯಿಂದ ಸುರಿಯುವ ರಕ್ತವನ್ನು ಸೆರಗಿಗೆ ಒತ್ತಿಕೊಂಡು ಹಂಪಮ್ಮ ಇಳಿಜಾರಿನ ನಡುವೆ ಕೂತಳು. ಮೊಗುಲಪ್ಪ ಬದುವಿನ ಮೇಲೆ ನಿಂತು ನೋಡಿದ. ಕೆಳಗಿಳಿದು ಹೋಗಿ ಅವಳ ಪಕ್ಕ ಕೂತ. ಅವನ ಹಿಂದೆ ಹೆಂಗಸರು ಬಂದರು, ಕೂಸುಗಳನ್ನು ಹೊತ್ತು. ಮುದುಕರು ಬಂದರು. ಸಾಯಣ್ಣನ ಹೊರಸನ್ನೂ ಹೊತ್ತು ತಂದರು. ಇಳಿಜಾರು ತುಂಬಿತು.

ಪಟೇಲ ಬಂದಾಗ ಎತ್ತುಗಳಲ್ಲಿ ಒಂದು ಪಾತಿಗೆ ಬಾಯಿ ಹಾಕಿ ಮೆಣಸಿನ ಗಿಡ ಮೇಯುತ್ತಿತ್ತು. ಹಂಪಮ್ಮನ ರಕ್ತದ ಬೆರಳಿನ ಗುರುತು ಅದರ ಕುತ್ತಿಗೆಯ ಮೇಲಿತ್ತು.

“ಬಸವಣ್ಣನ್ನ ಮುಟ್ಟಿದಿ,” ಎಂದ. ಈ ಸಲ ಅವನ ದನಿ ನಡುಗಿತು. “ಮಾದಿಗ ರಂಡೆ, ನನ್ನ ಬಸವಣ್ಣನ್ನ ಮುಟ್ಟಿದಿ.” ಕರಿಬಸಯ್ಯನ ಕಡೆ ತಿರುಗಿದ. “ಏನು ನೋಡ್ಕೋತ ನಿಂತಿ? ಹೋಗು. ಕೇರಿಯಾಗ ಒಂದು ಕಡ್ಡಿ ಉಳಿಬಾರದು.”

ಉಪದೇಶಿ ಹಾದಿಯ ನಡುವೆ ಪುಸ್ತಕ ಹಿಡಿದು ನಿಂತಿದ್ದ. ಕರಿಬಸಯ್ಯ ಓಡುತ್ತ ಅವನನ್ನು ದಾಟಿಹೋದ. ಅವನು ಆ ಕಡೆಯೂ ಹೋಗಲಿಲ್ಲ, ಈ ಕಡೆಯೂ ಬರಲಿಲ್ಲ.

ಸ್ವಲ್ಪ ಹೊತ್ತಿಗೆ ಕೇರಿಯ ಮೇಲೆ ಹೊಗೆ ಎದ್ದಿತು. ಮೊದಲು ಜೋಪಡಿಯ ಕಡೆಯಿಂದ. ಆಮೇಲೆ ಅದರ ಪಕ್ಕದಿಂದ. ಹೆಂಗಸರು ಬಾಯಿಗೆ ಸೆರಗು ತುರುಕಿಕೊಂಡರು. ಗುಡಿಸಲುಗಳ ಒಳಗೆ ವರ್ಷದ ಜೋಳ, ಕಂಬಳಿ, ಕಾಯಿಸಿ ಇಟ್ಟ ಅಂಬಲಿ.

ಮೊಗುಲಪ್ಪ ಅರ್ಧ ಎದ್ದ. ಹಂಪಮ್ಮ ಅವನ ಪಂಜೆಯ ಚುಂಗು ಹಿಡಿದು ಕೆಳಕ್ಕೆ ಜಗ್ಗಿದಳು.

“ಕುಂಡ್ರು,” ಎಂದಳು. “ಇವತ್ತು ಐತಾರ.”